ಗಟ್ಟಿ ಮರದಲ್ಲಿ ಪಜಲ್ ಕುಯ್ಯುವಾಗ ಮರವನ್ನು ದೂಡಬೇಡಿ

ಪ್ಲೈವುಡ್‌ನಲ್ಲಿ ಪಜಲ್ ಕುಯ್ದು ಕೈ ಪಳಗಿದವರು ಮೊದಲ ಸಲ ಬೀಟೆಗೋ ಮೇಪಲ್‌ಗೋ ಕೈ ಹಾಕಿದಾಗ ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ. ಮರ ಮುಂದೆ ಸರಿಯುತ್ತಿಲ್ಲ ಅಂತ ಬೆರಳಲ್ಲಿ ಜೋರಾಗಿ ದೂಡುತ್ತಾರೆ. ಈ ಕೆಲಸಕ್ಕೆ ಬಳಸುವುದು ಸ್ಕ್ರೋಲ್ ಸಾ, ಅಂದರೆ ಬ್ಲೇಡ್ ಮೇಲೆ ಕೆಳಗೆ ಆಡುತ್ತಾ ಡೊಂಕು ಗೆರೆ ಕುಯ್ಯುವ ಮೆಷಿನ್. ಅದರ ಬ್ಲೇಡ್ ಐದು ಇಂಚಿನ ತೆಳ್ಳನೆ ಪಟ್ಟಿ, ಅದಕ್ಕೆ ಹಿಡಿತ ಇರುವುದು ಎರಡು ತುದಿಯಲ್ಲಿ ಮಾತ್ರ. ದೂಡಿದರೆ ನಡುವೆ ಹಿಂದಕ್ಕೆ ಬಾಗುತ್ತದೆ, ತಿರುವಿನಲ್ಲಿ ಪಕ್ಕಕ್ಕೂ ಬಾಗುತ್ತದೆ. ಮೇಲಿಂದ ನೋಡಿದರೆ ಗೆರೆ ಮೇಲೇ ಕುಯ್ದ ಹಾಗೆ ಕಾಣುತ್ತದೆ, ಆದರೆ ಒಳಗೆ ಅಂಚು ಹೊಟ್ಟೆ ಬಂದಿರುತ್ತದೆ. ಅಂಥ ತುಂಡು ಮೇಲಕ್ಕೂ ಬರುವುದಿಲ್ಲ, ಕೆಳಕ್ಕೂ ಇಳಿಯುವುದಿಲ್ಲ. ಹಾಗಾಗಿ ದೂಡುವ ಅಗತ್ಯವೇ ಬರದ ಹಾಗೆ ಎಲ್ಲವನ್ನೂ ಮೊದಲೇ ಹೊಂದಿಸಿಕೊಳ್ಳಬೇಕು.

ಮರ ಚೆನ್ನಾಗಿ ಒಣಗಿರಲಿ, ಬಿರುಕು ಗಂಟು ಇಲ್ಲದ ಚೇಗಿನ ಭಾಗವೇ ಆಗಿರಲಿ. ತೇಗ ಒಂದು ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಬೀಟೆ 800 ದಾಟುತ್ತದೆ, ಎಬೊನಿ 1000ದ ಹತ್ತಿರ ಹೋಗುತ್ತದೆ. ಆದರೆ ತೂಕ ಒಂದನ್ನೇ ನೋಡಿ ಲೆಕ್ಕ ಹಾಕಬೇಡಿ. ತೇಗ ಅಷ್ಟೇನೂ ಭಾರವಿಲ್ಲ, ಆದರೂ ಅದರಲ್ಲಿ ಸಿಲಿಕಾ ಇರುವುದರಿಂದ ಬ್ಲೇಡಿನ ಹಲ್ಲು ಬೇಗ ಮೊಂಡಾಗುತ್ತದೆ. ಮೊದಲ ಪಜಲ್‌ಗೆ 18 ಮಿ.ಮೀ. ದಪ್ಪದ ಹಲಗೆ ಸಾಕು. ಎರಡೂ ಮುಖವನ್ನು ಕುಯ್ಯುವ ಮೊದಲೇ ಉಜ್ಜಿ ನಯ ಮಾಡಿಬಿಡಿ. ಆಮೇಲೆ ಹತ್ತಾರು ಸಣ್ಣ ತುಂಡು ಹಿಡಿದುಕೊಂಡು ಉಜ್ಜುವ ಕೆಲಸ ಯಾರಿಗೆ ಬೇಕು ಹೇಳಿ?

ಬ್ಲೇಡಿನ ನಂಬರ್ ಜಾಸ್ತಿಯಾದಷ್ಟೂ ಅದು ಅಗಲ, ದಪ್ಪ. ಹನ್ನೆರಡು ಮಿ.ಮೀ. ಹಲಗೆಗೆ 5, ಹದಿನೆಂಟು ಇಪ್ಪತ್ತಕ್ಕೆ 7, ಇಂಚು ದಾಟಿದರೆ 9. ಸಣ್ಣ ನಂಬರ್ ಹಾಕಿದರೆ ಸಂದು ಸಣ್ಣದಾಗಿ ಬರುತ್ತದೆ ನಿಜ, ಆದರೆ ದಪ್ಪ ಮರದಲ್ಲಿ ಅದು ಸುಮ್ನೆ ಬಾಗಿ ಒದ್ದಾಡುತ್ತದೆ. ಹಲ್ಲುಗಳ ನಡುವೆ ಜಾಗ ಬಿಟ್ಟಿರುವ ಸ್ಕಿಪ್ ಟೂತ್ ಬ್ಲೇಡ್ ತೆಗೆದುಕೊಳ್ಳಿ, ಹೊಟ್ಟು ಹೊರಗೆ ಬರಲು ದಾರಿ ಇರುತ್ತದೆ. ಅದರಲ್ಲೂ ಕೆಳಗಿನ ಕೆಲವು ಹಲ್ಲು ಮೇಲ್ಮುಖವಾಗಿರುವ ರಿವರ್ಸ್ ಟೂತ್ ಸಿಕ್ಕರೆ ಹಲಗೆಯ ಅಡಿಭಾಗ ಸಿಬಿರು ಏಳುವುದಿಲ್ಲ. ಬ್ಲೇಡ್ ಪೂರ್ತಿ ಮೇಲೆ ಬಂದಾಗ ಈ ಉಲ್ಟಾ ಹಲ್ಲು ಎರಡೋ ಮೂರೋ ಟೇಬಲ್ಲಿನ ಮೇಲೆ ಕಾಣಬೇಕು, ಹಾಗೆ ಕೂರಿಸಿ.

ಟೆನ್ಷನ್, ಅಂದರೆ ಬ್ಲೇಡಿನ ಬಿಗಿತದ ವಿಷಯದಲ್ಲಿ ಜಿಪುಣತನ ಬೇಡ. ಬ್ಲೇಡನ್ನು ಮೀಟಿದರೆ ಟಿಣ್ ಅಂತ ಸ್ಪಷ್ಟವಾಗಿ ಕೇಳಬೇಕು, ಬೆರಳಲ್ಲಿ ಪಕ್ಕಕ್ಕೆ ಒತ್ತಿದರೆ ಮೂರು ಮಿ.ಮೀ.ಗಿಂತ ಜಾಸ್ತಿ ಸರಿಯಬಾರದು.

ಇನ್ನು ಟೇಬಲ್ ಬ್ಲೇಡಿಗೆ ಸರಿಯಾಗಿ 90 ಡಿಗ್ರಿ ಇದೆಯೇ ಅನ್ನುವುದು. ಮೆಷಿನ್ನಿನ ಮೇಲೆ ಅಂಟಿಸಿರುವ ಡಿಗ್ರಿ ಪಟ್ಟಿಯನ್ನು ನಂಬಬೇಡಿ. ಅದೇ ದಪ್ಪದ ಒಂದು ವೇಸ್ಟ್ ತುಂಡು ತೆಗೆದುಕೊಂಡು ಅಂಚಿನಲ್ಲಿ ಒಂದು ಸಣ್ಣ ಗೀರು ಕುಯ್ಯಿರಿ. ಮೆಷಿನ್ ನಿಲ್ಲಿಸಿ, ತುಂಡನ್ನು ಮಗುಚದೆ, ಹಾಗೇ ಟೇಬಲ್ ಮೇಲೆ ಅರ್ಧ ಸುತ್ತು ತಿರುಗಿಸಿ ಬ್ಲೇಡಿನ ಹಿಂಬದಿಗೆ ತನ್ನಿ. ಅದೇ ಗೀರಿನೊಳಗೆ ಬ್ಲೇಡಿನ ಬೆನ್ನು ಎಲ್ಲೂ ತಾಗದೆ ಹೋದರೆ ಟೇಬಲ್ ಸರಿಯಿದೆ. ಮೇಲೆ ಹೋಗಿ ಕೆಳಗೆ ತಾಗಿದರೆ ಓರೆ ಇದೆ ಅಂತ ಅರ್ಥ, ಮತ್ತು ಕಾಣುವ ವ್ಯತ್ಯಾಸ ನಿಜವಾದ ಓರೆಯ ಎರಡರಷ್ಟು. ಮೂಲೆಮಟ್ಟ ಇಟ್ಟು ನೋಡುವುದಕ್ಕಿಂತ ಇದೇ ವಾಸಿ, ಯಾಕೆಂದರೆ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ಹಲಗೆಗೆ ಮೊದಲು ಮಾಸ್ಕಿಂಗ್ ಟೇಪ್, ಅದರ ಮೇಲೆ ಗ್ಲೂ ಸ್ಟಿಕ್ಕಿನಿಂದ ಚಿತ್ರದ ಕಾಗದ, ಎಲ್ಲದರ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್. ಈ ಕೊನೆಯ ಟೇಪ್ ಬ್ಲೇಡಿಗೆ ಜಾರು ಕೊಡುತ್ತದೆ. ಮೇಪಲ್, ಚೆರ್ರಿಯಂಥ ಬೇಗ ಸುಟ್ಟು ಕಪ್ಪಾಗುವ ಮರದಲ್ಲಿ ಟೇಪ್ ಇದ್ದರೆ ಒಂದು ಕಥೆ, ಇಲ್ಲದಿದ್ದರೆ ಇನ್ನೊಂದು ಕಥೆ.

ಪಜಲ್ ತುಂಡಿಗೆ ತಲೆ, ಕತ್ತು ಇರುತ್ತದಲ್ವಾ, ಚಿತ್ರ ಹಾಕುವಾಗ ಆ ಕತ್ತು ಆದಷ್ಟೂ ಮರದ ಎಳೆಯ ಉದ್ದಕ್ಕೇ ಬರಲಿ. ಎಳೆಗೆ ಅಡ್ಡ ಬಂದರೆ ಎಷ್ಟೇ ಗಟ್ಟಿ ಮರವಾದರೂ ಲಟಕ್ ಅಂತ ಮುರಿಯುತ್ತದೆ. ಅಡ್ಡ ಬರಲೇಬೇಕಾದ ಕಡೆ ಕತ್ತನ್ನು ಎಂಟು ಹತ್ತು ಮಿ.ಮೀ. ಅಗಲ ಬಿಡಿ. ತಲೆಗಳೇ ಇಲ್ಲದೆ ಬರೀ ಡೊಂಕು ಗೆರೆಯಲ್ಲಿ ಶುರು ಮಾಡಿದರೂ ತಪ್ಪಿಲ್ಲ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಭೂಪಟಗಳನ್ನು ಮಹಾಗನಿ ಹಲಗೆಗೆ ಅಂಟಿಸಿ ಪಜಲ್ ಮಾಡಿ ಮಾರಿದ್ದು ಗಡಿಗೆರೆಗಳ ಗುಂಟ ಕುಯ್ದೇ.

ಕುಯ್ಯುವಾಗ ವೇಗ ಮಧ್ಯಮದಲ್ಲಿರಲಿ. ಎರಡೂ ಕೈಯಿಂದ ಹಲಗೆಯನ್ನು ಟೇಬಲ್ಲಿಗೆ ಒತ್ತಿ ಹಿಡಿದು, ಬ್ಲೇಡ್ ಎಷ್ಟು ತಿನ್ನುತ್ತದೋ ಅಷ್ಟೇ ಕೊಡುತ್ತಾ ಹೋಗಿ. ಬೆರಳು ಬ್ಲೇಡಿನ ನೇರಕ್ಕೆ ಬರದಿರಲಿ. ನೇರ ಗೆರೆಯೂ ಬಲಕ್ಕೆ ಎಳೆದ ಹಾಗೆ ಅನ್ನಿಸಿದರೆ ಗಾಬರಿಯಾಗಬೇಡಿ. ಎಷ್ಟೋ ಬ್ಲೇಡ್‌ಗಳಲ್ಲಿ ತಯಾರಿಯಲ್ಲೇ ಒಂದು ಪಕ್ಕ ಮುಳ್ಳಿನಂಥ ಒರಟು ಅಂಚು ಉಳಿದಿರುತ್ತದೆ, ಅದಕ್ಕೇ ಹಾಗೆ. ಹಲಗೆಯನ್ನು ಕೊಂಚ ಓರೆಯಾಗಿ ಕೊಟ್ಟರೆ ಸರಿಹೋಗುತ್ತದೆ.

ತಲೆಯ ತಿರುವಿಗೆ ಬಂದಾಗ ಮುಂದಕ್ಕೆ ಹೋಗುವುದನ್ನು ನಿಲ್ಲಿಸಿ, ಮೆಷಿನ್ನನ್ನಲ್ಲ. ಬ್ಲೇಡಿನ ಬೆನ್ನಿಗೆ ಮರವನ್ನು ಕೂದಲೆಳೆಯಷ್ಟು ತಾಗಿಸಿಕೊಂಡು, ಹಲ್ಲಿಗೆ ಕೆಲಸವೇ ಇಲ್ಲದ ಹಾಗೆ ಹಲಗೆಯನ್ನು ತಿರುಗಿಸಿ, ದಿಕ್ಕು ಸರಿಯಾದ ಮೇಲೆ ಮತ್ತೆ ಮುಂದಕ್ಕೆ ಕೊಡಿ. ಒಂದು ತುಂಡು ಬಿಡಿಯಾದ ಕೂಡಲೇ ಮೆಷಿನ್ ನಿಲ್ಲಿಸಿ, ಅದು ಮೇಲೂ ಕೆಳಗೂ ಜಾರುತ್ತದೆಯೇ ನೋಡಿ. ಒಂದೇ ಕಡೆಗೆ ಬಂದರೆ ಟೇಬಲ್ ಓರೆ, ಯಾವ ಕಡೆಗೂ ಬರದಿದ್ದರೆ ದೂಡಿದ್ದೀರಿ ಅಥವಾ ಬ್ಲೇಡ್ ಮೊಂಡಾಗಿದೆ. ಗಟ್ಟಿ ಮರದಲ್ಲಿ ಒಂದು ಬ್ಲೇಡ್ ಇಪ್ಪತ್ತು ನಿಮಿಷ ಬಂದರೆ ದೊಡ್ಡದು. ಸುಟ್ಟ ವಾಸನೆ, ಹೊಟ್ಟಿನ ಬದಲು ನುಣ್ಣನೆ ಪುಡಿ, ಗೊತ್ತಿಲ್ಲದೇ ಜಾಸ್ತಿಯಾಗುವ ಕೈಬಲ ಕಂಡರೆ ಬದಲಾಯಿಸಿ. ಪೂರ್ತಿ ಮುರಿಯಲಿ ಅಂತ ಕಾಯುವವರು ಬ್ಲೇಡ್ ಉಳಿಸಿ ಮರ ಹಾಳು ಮಾಡುತ್ತಾರೆ.

ಬೀಟೆ, ಎಬೊನಿ, ಪಡೌಕ್ ಇವುಗಳ ಧೂಳು ಕೆಲವರಿಗೆ ತುರಿಕೆ, ಉಬ್ಬಸ ತರಿಸುತ್ತದೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಹಾಕಿ, ಕಣ್ಣಿಗೆ ಕನ್ನಡಕವೂ ಇರಲಿ.

ಕುಯ್ದಾದ ಮೇಲೆ ಅಂಚಿನ ಸಿಬಿರನ್ನು 220 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಒಮ್ಮೆ ಸವರಿದರೆ ಆಯಿತು. ಒಂದಕ್ಕೊಂದು ಕೂರುವ ಪಕ್ಕಗಳನ್ನು ಉಜ್ಜಬೇಡಿ, ಸಡಿಲವಾಗುತ್ತದೆ. ವಾರ್ನಿಶ್ ಬಳಿದರೆ ಸಂದಿನಲ್ಲಿ ಕೂತು ತುಂಡುಗಳು ಬಿಗಿಯುತ್ತವೆ, ಅದಕ್ಕಿಂತ ಮಿನರಲ್ ಆಯಿಲ್ ಒರೆಸುವುದು ಒಳ್ಳೆಯದು. ಲಿನ್ಸೀಡ್ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಹೊರಗೆ ಹರಡಿ ಒಣಗಿಸಿ. ಮೂರು ವರ್ಷದೊಳಗಿನ ಮಗುವಿಗೆ ಕೊಡುವುದಾದರೆ 32 ಮಿ.ಮೀ. ಅಗಲದ ಕೊಳವೆಯೊಳಗೆ ಇಳಿಯುವಷ್ಟು ಸಣ್ಣ ತುಂಡು ಒಂದೂ ಇರಬಾರದು, ಇದನ್ನು ಚಿತ್ರ ಹಾಕುವಾಗಲೇ ಅಳೆದುಕೊಳ್ಳಿ.