ಲೋಟದ ಹೊರಮೈಯ ಮಂಜಿನಿಂದ ಗಾಳಿಯ ತೇವಾಂಶವನ್ನು ಅಳೆಯುವ ಬಗೆ

ತಣ್ಣೀರು ತುಂಬಿದ ಲೋಟದ ಹೊರಗೆ ಮೂಡುವ ಹನಿಗಳು ಒಳಗಿನಿಂದ ಒಸರಿದವಲ್ಲ. ಸುತ್ತಲಿನ ಗಾಳಿಯಲ್ಲಿದ್ದ ನೀರಾವಿಯೇ ತಣ್ಣನೆಯ ಮೈಗೆ ತಾಗಿ ನೀರಾಗಿರುತ್ತದೆ. ಹೀಗೆ ಹನಿಗಟ್ಟಲು ಆರಂಭವಾಗುವ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ಅದನ್ನು ಮನೆಯಲ್ಲಿಯೇ ಸಾಕಷ್ಟು ನಿಖರವಾಗಿ ಕಂಡುಕೊಳ್ಳಬಹುದು.

ತೆಳುವಾದ, ಹೊಳಪುಳ್ಳ ಲೋಹದ ಲೋಟವನ್ನು ಆರಿಸಿಕೊಳ್ಳಿ. ಗಾಜು ಶಾಖವನ್ನು ನಿಧಾನವಾಗಿ ಸಾಗಿಸುವುದರಿಂದ ಅದರ ಹೊರಮೈ ಒಳಗಿನ ನೀರಿಗಿಂತ ಬೆಚ್ಚಗಿದ್ದು ಲೆಕ್ಕ ತಪ್ಪುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಸಾಮಾನ್ಯವಾಗಿ 35 ಡಿಗ್ರಿಗಿಂತ ಕೆಳಗೆ ತೋರಿಸದ ಕಾರಣ, ಸೊನ್ನೆಯಿಂದ 50 ಡಿಗ್ರಿಯವರೆಗೆ ಅಳೆಯುವಂಥದ್ದೇ ಬೇಕು.

ಮೊದಲು ಕೋಣೆಯ ಗಾಳಿಯ ಉಷ್ಣತೆಯನ್ನು ಬರೆದಿಟ್ಟುಕೊಳ್ಳಿ. ಲೋಟದ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಕೋಣೆಯಲ್ಲಿಯೇ ಇಟ್ಟಿದ್ದ ನೀರನ್ನು ಅರ್ಧದಷ್ಟು ತುಂಬಿಸಿ, ಮಂಜುಗಡ್ಡೆಯ ಚಿಕ್ಕ ಚೂರುಗಳನ್ನು ಒಂದೊಂದಾಗಿ ಹಾಕುತ್ತಾ, ಒಂದು ಕರಗಿದ ಮೇಲೆಯೇ ಇನ್ನೊಂದನ್ನು ಹಾಕಿ ಕಲಕುತ್ತಿರಿ. ಅವಸರಪಟ್ಟವರ ಅಳತೆ ಕೆಡುವುದು ಇಲ್ಲಿಯೇ. ಉಸಿರಿನಲ್ಲಿಯೂ ನೀರಾವಿ ಇರುವುದರಿಂದ ಮುಖವನ್ನು ದೂರವಿಟ್ಟು ಓರೆಯಾಗಿ ನೋಡಬೇಕು.

ಮೊದಲು ಕಾಣುವುದು ಹನಿಯಲ್ಲ. ಲೋಟದಲ್ಲಿ ಪ್ರತಿಬಿಂಬಿಸಿದ ಕಿಟಕಿಯ ಅಂಚು ಮಸುಕಾಗುತ್ತದೆ, ಅಷ್ಟೇ. ಅನುಮಾನವಿದ್ದರೆ ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಮಾತ್ರ ಹೊಳೆದರೆ ಮಂಜು ಕಟ್ಟಿದೆ ಎಂದರ್ಥ. ಆ ಕ್ಷಣದ ಉಷ್ಣತೆಯನ್ನೂ, ಬಳಿಕ ನೀರು ತಾನಾಗಿ ಬೆಚ್ಚಗಾಗುವಾಗ ಮಂಜು ಮಾಯವಾದ ಉಷ್ಣತೆಯನ್ನೂ ಗುರುತಿಸಿ ಎರಡರ ಸರಾಸರಿ ತೆಗೆದುಕೊಳ್ಳಿ; ಅದೇ ಇಬ್ಬನಿ ಬಿಂದು. 1820ರಲ್ಲಿ ಇಂಗ್ಲಿಷ್ ವಿಜ್ಞಾನಿ ಜಾನ್ ಫ್ರೆಡರಿಕ್ ಡೇನಿಯಲ್ ರೂಪಿಸಿದ ತೇವಮಾಪಕವೂ ಇದೇ ತತ್ವದ್ದು; ಅಲ್ಲಿ ತಂಪು ಮಾಡುವ ಕೆಲಸ ಬೇಗನೆ ಆವಿಯಾಗುವ ದ್ರವವಾದ ಈಥರ್‌ನದು.

ಗಾಳಿ 25 ಡಿಗ್ರಿ, ಇಬ್ಬನಿ ಬಿಂದು 20 ಡಿಗ್ರಿ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 17 ಗ್ರಾಂ ನೀರಾವಿ ಇರುತ್ತದೆ. 25 ಡಿಗ್ರಿಯಲ್ಲಿ ಅಲ್ಲಿ ಇರಬಹುದಾದ ಗರಿಷ್ಠ ಪ್ರಮಾಣ ಸುಮಾರು 23 ಗ್ರಾಂ. ಅಂದರೆ ಸಾಪೇಕ್ಷ ಆರ್ದ್ರತೆ (ಗರಿಷ್ಠ ಪ್ರಮಾಣದಲ್ಲಿ ಈಗ ಇರುವ ನೀರಾವಿಯ ಪಾಲು) ಶೇಕಡಾ 74ರ ಆಸುಪಾಸಿನಲ್ಲಿದೆ. ಪ್ರತಿ ಉಷ್ಣತೆಗೂ ಈ ಗರಿಷ್ಠ ಪ್ರಮಾಣವನ್ನು ಕೊಡುವ ಕೋಷ್ಟಕ ಕೈಯಲ್ಲಿಲ್ಲದಿದ್ದರೆ ಎರಡು ಉಷ್ಣತೆಗಳ ಅಂತರದ ಪ್ರತಿ ಡಿಗ್ರಿಗೆ 100ರಿಂದ 5 ಕಳೆಯಿರಿ. ಈ ಸುಲಭ ಸೂತ್ರ 75 ಕೊಡುತ್ತದೆ. ಅಂತರ 10 ಡಿಗ್ರಿಯನ್ನು ಮೀರಿದರೆ ಮಾತ್ರ ಇದನ್ನು ನಂಬಬೇಡಿ.

ಸಂಜೆ ಬಯಲಿನ ಗಾಳಿಯಲ್ಲಿ ಇದೇ ಅಳತೆಯನ್ನು ಮಾಡಿ ನೋಡಿ: ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ಹುಲ್ಲಿನ ಮೈ ಆ ಉಷ್ಣತೆಗಿಂತ ಕೆಳಗಿಳಿದರೆ ಬೆಳಗ್ಗೆ ಅದರ ಮೇಲೆ ಇಬ್ಬನಿ ಕಾಣುತ್ತದೆ.