ಮುಂಬೈಗೆ ಹೋದರೆ ಜಹಾಂಗೀರ್ ಕಲಾ ಗ್ಯಾಲರಿಗೂ ಹೋಗಿ ಬನ್ನಿ

ಸೊಲ್ಲಾಪುರ, ಅಕ್ಕಲಕೋಟೆಯ ಬಂಧುಗಳೇ, ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗುವ ನಮ್ಮವರು ಕಾಲಾ ಘೋಡಾದ ದೊಡ್ಡ ವಸ್ತುಸಂಗ್ರಹಾಲಯ ನೋಡಿ ಹಿಂದಿರುಗುತ್ತಾರೆ. ಪಕ್ಕದಲ್ಲೇ ಇರುವ ಜಹಾಂಗೀರ್ ಕಲಾ ಗ್ಯಾಲರಿಯೊಳಗೆ ಕಾಲಿಡುವವರು ಕಡಿಮೆ. 1952ರಲ್ಲಿ ಆರಂಭವಾದ ಇಲ್ಲಿ ಪ್ರವೇಶ ಪೂರ್ತಿ ಉಚಿತ. ರೈಲು ಬೆಳಿಗ್ಗೆ ಬೇಗನೆ ಮುಟ್ಟುತ್ತದೆ, ಗ್ಯಾಲರಿ ತೆರೆಯುವುದು 11 ಗಂಟೆಗೆ. ಬೇರೆ ಕೆಲಸ ಮೊದಲು ಮುಗಿಸಿಕೊಳ್ಳಿ. ರೈಲು ಮುಟ್ಟುವ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ನಿಲ್ದಾಣದಿಂದ ನಡೆದೇ ಹೋಗಬಹುದು. ಚಿತ್ರ ಬರೆದ ಕಲಾವಿದರೇ ಬಹಳ ಸಲ ಅಲ್ಲಿ ಕುಳಿತಿರುತ್ತಾರೆ. ಸಂಕೋಚ ಬೇಡ, ಮಾತನಾಡಿಸಿ. ಜಲವರ್ಣದಲ್ಲಿ ಬಿಳಿಗಾಗಿ ಕಾಗದವನ್ನೇ ಖಾಲಿ ಬಿಡುವುದು ಹೇಗೆಂದು ಒಬ್ಬರು ನನ್ನ ಮಗಳಿಗೆ ಅರ್ಧ ಗಂಟೆ ವಿವರಿಸಿದರು. ಅವಳು ಊರಿಗೆ ಬಂದವಳೇ ಬಣ್ಣದ ಡಬ್ಬಿ ತೆರೆದಳು! ಪ್ರದರ್ಶನಗಳು ಸಾಮಾನ್ಯವಾಗಿ ವಾರಕ್ಕೊಮ್ಮೆ ಬದಲಾಗುತ್ತವೆ. ಫೋಟೊ ತೆಗೆಯುವ ಮೊದಲು ಕಲಾವಿದರನ್ನು ಕೇಳಿ.