ವರದಿಗಾರನಾಗಿದ್ದ ನಾನು ಬೇಹುಗಾರಿಕೆ ಕಾದಂಬರಿ ಬರೆದದ್ದು ಹೀಗೆ

17 ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದೆ. ಮೊದಲು ಕ್ರೈಂ ಬೀಟ್, ಆಮೇಲೆ ಕೋರ್ಟು, ಕೊನೆಯ 6 ವರ್ಷ ರಕ್ಷಣೆ ಮತ್ತು ವಿದೇಶಾಂಗ. ಈಗ ಬೇಹುಗಾರಿಕೆ ಕಾದಂಬರಿ ಬರೆಯುತ್ತೇನೆ. ಮೂರು ಪ್ರಕಟವಾಗಿವೆ, ನಾಲ್ಕನೆಯದು ಮೇಜಿನ ಮೇಲಿದೆ. "ವರದಿಗಾರರಿಗೆ ಇದು ಸುಲಭ ಅಲ್ವಾ? ಗೊತ್ತಿರೋದನ್ನೇ ಹೆಸರು ಬದಲಿಸಿ ಬರೆದರೆ ಆಯ್ತು" ಎಂದು ಬಹಳ ಜನ ಹೇಳುತ್ತಾರೆ. ನನ್ನ ಮಟ್ಟಿಗೆ ಹಾಗಾಗಲಿಲ್ಲ. ವರದಿಗಾರಿಕೆ ಅರ್ಧ ದಾರಿ ಕೈ ಹಿಡಿದು ನಡೆಸಿತು. ಇನ್ನರ್ಧ ದಾರಿ ಕಾಲಿಗೆ ತೊಡರಿತು.

ಮೊದಲ ಹಸ್ತಪ್ರತಿಯನ್ನು 11 ತಿಂಗಳಲ್ಲಿ ಮುಗಿಸಿದ್ದೆ. ಓದಿದ ಪ್ರಕಾಶಕರೊಬ್ಬರು ಎರಡೇ ಸಾಲಿನ ಉತ್ತರ ಕಳಿಸಿದರು. ಮಾಹಿತಿ ಚೆನ್ನಾಗಿದೆ, ಆದರೆ ಮೊದಲ ಪುಟದಲ್ಲೇ ಎಲ್ಲ ಗೊತ್ತಾಗಿಹೋಯಿತು, ಮುಂದೆ ಯಾಕೆ ಓದಬೇಕು ಎಂದಿತ್ತು. ಎರಡು ದಿನ ಮನಸ್ಸು ಕೆಟ್ಟಿತ್ತು. ಮೂರನೇ ದಿನ ಆ ಮೊದಲ ಪುಟ ತೆಗೆದು ನೋಡಿದೆ. ಹೀಗೆ ಶುರುವಾಗಿತ್ತು: "ರಾಯಭಾರ ಕಚೇರಿಯ ಗುಮಾಸ್ತನೊಬ್ಬ ಸಾಲ ತೀರಿಸಲು ಎರಡು ವರ್ಷದಿಂದ ಕಡತಗಳ ನಕಲನ್ನು ಹೊರಗೆ ಸಾಗಿಸುತ್ತಿದ್ದ."

ಯಾರು, ಏನು, ಎಲ್ಲಿ, ಎಷ್ಟು ಕಾಲದಿಂದ, ಯಾಕೆ, ಎಲ್ಲವೂ ಒಂದೇ ವಾಕ್ಯದಲ್ಲಿ. ಪತ್ರಿಕೆಯ ಡೆಸ್ಕ್‌ನಲ್ಲಿ ಬೆನ್ನು ತಟ್ಟುವಂಥ ಇಂಟ್ರೋ, ಅಂದರೆ ಸುದ್ದಿಯ ಮೊದಲ ಸಾಲು. ಸುದ್ದಿಯಲ್ಲಿ ಮುಖ್ಯವಾದದ್ದು ಮೇಲೆ ಬರಬೇಕು, ಉಳಿದದ್ದು ಕೆಳಗೆ. ಪುಟದಲ್ಲಿ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಾರೆ. ನನ್ನ ಕೈ ಅದಕ್ಕೇ ಪಳಗಿತ್ತು. ಅದನ್ನು ಬಿಡಿಸುವುದಕ್ಕೆ ಆರು ತಿಂಗಳು ಬೇಕಾಯಿತು. ಕೊನೆಗೆ ಆ ಸಾಲಿನ ಜಾಗಕ್ಕೆ ಬಂದದ್ದು ಇದು: "ಗುಮಾಸ್ತ ಸಂಜೆ ಆರಕ್ಕೆ ಹೊರಟ. ಎಂದಿನಂತೆ ಕಾವಲುಗಾರ ಚೀಲ ತೆರೆಸಿದ. ಎಂದಿನಂತೆ ಅದರಲ್ಲಿ ಕೊಡೆ ಇತ್ತು. ಮಳೆಗಾಲ ಮುಗಿದು ಮೂರು ತಿಂಗಳಾಗಿತ್ತು." ಇಷ್ಟೇ. ಸಾಲದ ವಿಷಯ ನೂರನೇ ಪುಟದ ಆಚೆಗೆ ಹೋಯಿತು.

ಹಾಗಂತ ಎಲ್ಲವನ್ನೂ ಬಚ್ಚಿಡುವುದೇ ಕಲೆ ಎಂದುಕೊಳ್ಳಬೇಡಿ. ಆ ತಪ್ಪನ್ನೂ ಮಾಡಿದೆ. ಎರಡನೇ ಕರಡಿನಲ್ಲಿ ಎಷ್ಟು ಮುಚ್ಚಿಟ್ಟೆ ಎಂದರೆ ಓದಿದ ಗೆಳೆಯನಿಗೆ ಕಥೆ ಏನು ಅಂತಲೇ ತಿಳಿಯಲಿಲ್ಲ. ಆಗ ನನಗೆ ದಾರಿ ತೋರಿಸಿದ್ದು ಬ್ರಿಟಿಷ್ ಕಾದಂಬರಿಕಾರ ಫ್ರೆಡರಿಕ್ ಫೋರ್ಸೈತ್. ಅವರೂ ವರದಿಗಾರರಾಗಿದ್ದವರು. 1960ರ ದಶಕದ ಆರಂಭದಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಗಾಗಿ ಪ್ಯಾರಿಸ್‌ನಲ್ಲಿದ್ದರು. ಆಮೇಲೆ ಬಿಬಿಸಿಗೆ ಹೋಗಿ, ನೈಜೀರಿಯಾದ ಬಿಯಾಫ್ರಾ ಯುದ್ಧ ಕಂಡರು. 1970ರ ಜನವರಿಯಲ್ಲಿ ಕೈಯಲ್ಲಿ ಕಾಸಿಲ್ಲದೆ ಕೂತು 35 ದಿನಗಳಲ್ಲಿ 'ದಿ ಡೇ ಆಫ್ ದಿ ಜಕಾಲ್' ಬರೆದರು. ಫ್ರಾನ್ಸ್‌ನ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಬಾಡಿಗೆ ಹಂತಕನೊಬ್ಬ ಹೊರಡುವ ಕಥೆ. ಆದರೆ ಡಿ ಗಾಲ್ ಯಾರ ಗುಂಡಿಗೂ ಸಾಯಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕೊನೆ ಮೊದಲೇ ತಿಳಿದಿರುವ ಕಥೆಯನ್ನು ಯಾರು ಓದುತ್ತಾರೆ ಎಂದು ಹಲವು ಪ್ರಕಾಶಕರು ಅದನ್ನು ವಾಪಸ್ ಕಳಿಸಿದ್ದರು. 1971ರಲ್ಲಿ ಪುಸ್ತಕ ಬಂದ ಮೇಲೆ ಜನ ಉಸಿರು ಬಿಗಿಹಿಡಿದು ಓದಿದರು. ಯಾಕೆ? ಏನಾಯಿತು ಎಂಬುದು ಗೊತ್ತಿದ್ದರೂ ಹೇಗಾಯಿತು ಎಂಬುದು ಗೊತ್ತಿರಲಿಲ್ಲ. ಹಂತಕ ಸುಳ್ಳು ಪಾಸ್‌ಪೋರ್ಟ್ ಹೇಗೆ ಮಾಡಿಸಿದ, ಬಂದೂಕನ್ನು ಹೇಗೆ ಮಾಡಿಸಿಕೊಂಡ ಎಂಬುದನ್ನು ಅವರು ಒಬ್ಬ ಒಳ್ಳೆಯ ವರದಿಗಾರನಂತೆ ಹಂತ ಹಂತವಾಗಿ ಹೇಳುತ್ತಾರೆ. ನಾನು ಬಿಡಬೇಕಾಗಿದ್ದದ್ದು ಇಂಟ್ರೋವನ್ನು ಮಾತ್ರ, ವಿವರಗಳನ್ನಲ್ಲ.

ವಿವರ ಅಂದರೆ ಸಣ್ಣ ವಿವರ. ಓಲೆಗ್ ಗೋರ್ಡಿಯೆವ್‌ಸ್ಕಿ ಎಂಬ, ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಅಧಿಕಾರಿ ಬ್ರಿಟಿಷರಿಗೆ ಗುಟ್ಟಾಗಿ ಕೆಲಸ ಮಾಡುತ್ತಿದ್ದ. 1985ರಲ್ಲಿ ಅವನ ಮೇಲೆ ಅನುಮಾನ ಬಂತು. ತಪ್ಪಿಸಿಕೊಳ್ಳಬೇಕು ಎಂಬ ಸಂಕೇತ ಕೊಡಲು ಅವನು ಮಾಸ್ಕೋದ ಒಂದು ರಸ್ತೆ ಬದಿ ಸೇಫ್‌ವೇ ಅಂಗಡಿಯ ಪ್ಲಾಸ್ಟಿಕ್ ಚೀಲ ಹಿಡಿದು ನಿಂತ. ಲಂಡನ್ನಿನ ಹ್ಯಾರಡ್ಸ್ ಅಂಗಡಿಯ ಚೀಲ ಹಿಡಿದ ಒಬ್ಬ ಬ್ರಿಟಿಷ್ ವ್ಯಕ್ತಿ ಚಾಕೊಲೇಟ್ ತಿನ್ನುತ್ತಾ ಮುಂದಿನಿಂದ ಹಾದುಹೋದ. ಸಂಕೇತ ತಲುಪಿದೆ ಎಂದು ಅದರ ಅರ್ಥ. ಕೆಲವು ದಿನಗಳ ಮೇಲೆ ರಾಜತಾಂತ್ರಿಕರ ಕಾರಿನ ಡಿಕ್ಕಿಯಲ್ಲಿ ಮಲಗಿಸಿ ಅವನನ್ನು ಫಿನ್ಲೆಂಡ್‌ಗೆ ದಾಟಿಸಿದರು. ಗಡಿಯಲ್ಲಿ ಮೂಸುವ ನಾಯಿಗಳು ಹತ್ತಿರ ಬಂದಾಗ, ಕಾರಿನಲ್ಲಿದ್ದ ತಾಯಿ ತನ್ನ ಮಗುವನ್ನು ಅದೇ ಡಿಕ್ಕಿಯ ಮೇಲೆ ಮಲಗಿಸಿ ಡೈಪರ್ ಬದಲಿಸಿದಳು. ಆ ವಾಸನೆಯಲ್ಲಿ ನಾಯಿಗಳಿಗೆ ಇವನ ಸುಳಿವು ಹತ್ತಲಿಲ್ಲ. ಇದನ್ನು ಓದಿದ ದಿನ ನನ್ನ ಹಸ್ತಪ್ರತಿಯಿಂದ ಎರಡು ಕಾರ್ ಚೇಸ್ ತೆಗೆದುಹಾಕಿದೆ.

ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದುಕೊಂಡೇ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರಿದ ಆಲ್ಡ್ರಿಚ್ ಏಮ್ಸ್ ಕೂಡ ಅಷ್ಟೇ. ಅವನ ಸಂಕೇತ ಅಂಚೆ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದ ಒಂದು ಗೀಟು. 1994ರಲ್ಲಿ ಸಿಕ್ಕಿಬಿದ್ದ. ಸಂಬಳಕ್ಕೆ ಹೊಂದದ ಖರ್ಚು ಅವನನ್ನು ಹಿಡಿದುಕೊಟ್ಟ ದೊಡ್ಡ ಸುಳಿವುಗಳಲ್ಲಿ ಒಂದು. 5,40,000 ಡಾಲರಿನ ಮನೆಯನ್ನು ನಗದು ಕೊಟ್ಟು ಕೊಂಡಿದ್ದ. ಕ್ರೈಂ ಬೀಟ್ ಮಾಡಿದವರಿಗೆ ಇದು ಹೊಸದಲ್ಲ. ಮನುಷ್ಯ ಯಾವುದಕ್ಕೆ ಬೀಳುತ್ತಾನೆ ಎಂದು ದಿನಾ ನೋಡಿರುತ್ತೇವೆ. ದುಡ್ಡು, ನಂಬಿಕೆ, ಬೆದರಿಕೆ, ತನ್ನನ್ನು ಯಾರೂ ಗುರುತಿಸಲಿಲ್ಲ ಎಂಬ ಹೊಟ್ಟೆಯುರಿ. ಬೇಹುಗಾರಿಕೆಯೂ ಇದರ ಮೇಲೇ ನಡೆಯುತ್ತದೆ. ಪತ್ತೇದಾರಿ ಕಥೆಯಲ್ಲಿ ಮಾಡಿದವರು ಯಾರು ಎಂಬ ಪ್ರಶ್ನೆ. ಬೇಹುಗಾರಿಕೆ ಕಥೆಯಲ್ಲಿ ಯಾರನ್ನು ನಂಬುವುದು ಎಂಬ ಪ್ರಶ್ನೆ. ಈ ಎರಡನೆಯದೇ ನನ್ನನ್ನು ಹಿಡಿದು ಕೂರಿಸಿದ್ದು.

ಹಳೇ ನೋಟ್‌ಬುಕ್‌ಗಳು ನನ್ನ ಆಸ್ತಿ. ದೃಢಪಡಿಸಲು ಆಗದೆ ಕೈಬಿಟ್ಟ ಸ್ಟೋರಿಗಳು ಅದರಲ್ಲಿವೆ. ಆದರೆ ಅಲ್ಲಿಂದ ತೆಗೆದುಕೊಳ್ಳುವಾಗ ಒಂದು ಕಟ್ಟು ಹಾಕಿಕೊಂಡಿದ್ದೇನೆ. ಒಬ್ಬರೇ ಹೇಳಲು ಸಾಧ್ಯವಿದ್ದ ವಿಷಯ ಕಾದಂಬರಿಗೆ ಬರುವಂತಿಲ್ಲ. ನನಗೆ ಮಾಹಿತಿ ಕೊಟ್ಟ ಸೋರ್ಸ್ ಯಾರು ಎಂದು ಹಳೇ ಸಹೋದ್ಯೋಗಿಯೊಬ್ಬ ಊಹಿಸಬಹುದು ಅನ್ನಿಸಿದರೆ ಆ ದೃಶ್ಯವೇ ಬೇಡ. ಮೊದಲ ಪುಸ್ತಕದ ಅತ್ಯಂತ ಒಳ್ಳೆಯ ಅಧ್ಯಾಯ ಹೀಗೆ ಹೋಯಿತು. ಅದಕ್ಕೆ ಬೇಜಾರಿಲ್ಲ. ಆಫ್ ದಿ ರೆಕಾರ್ಡ್, ಅಂದರೆ ಬರೆಯುವಂತಿಲ್ಲ, ಅಂತ ಒಪ್ಪಿಕೊಂಡದ್ದು ಕೆಲಸ ಬಿಟ್ಟ ಮೇಲೂ ಆಫ್ ದಿ ರೆಕಾರ್ಡೇ.

ಇನ್ನೊಂದು ವಿಷಯದಲ್ಲಿ ನಾನು ತುಂಬ ಗಟ್ಟಿ. ನನ್ನ ಯಾವ ಕಾದಂಬರಿಯಲ್ಲೂ ಪತ್ರಕರ್ತನ ವೇಷದ ಗೂಢಚಾರಿಯನ್ನು ನಾಯಕನನ್ನಾಗಿ ಮಾಡುವುದಿಲ್ಲ. ಇತಿಹಾಸದಲ್ಲಿ ಅಂಥವರು ಇದ್ದರು. ಸೋವಿಯತ್ ಪರ ಕೆಲಸ ಮಾಡಿದ ಕಿಮ್ ಫಿಲ್ಬಿ 1956ರಿಂದ ಎರಡು ಬ್ರಿಟಿಷ್ ವಾರಪತ್ರಿಕೆಗಳ ವರದಿಗಾರನಾಗಿ ಬೈರೂತ್‌ನಲ್ಲಿದ್ದ, 1963ರ ಜನವರಿಯಲ್ಲಿ ಅಲ್ಲಿಂದ ಮಾಯವಾಗಿ ಮಾಸ್ಕೋ ಸೇರಿದ. ನಾನು ಇಷ್ಟೊಂದು ಮೆಚ್ಚುವ ಫೋರ್ಸೈತ್ ಕೂಡ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ6ಗೆ ನೆರವಾಗಿದ್ದಾಗಿ 2015ರಲ್ಲಿ ಹೇಳಿಕೊಂಡರು. ಅದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಒಬ್ಬ ಹಾಗೆ ಮಾಡಿದರೆ, ಯುದ್ಧದ ಜಾಗದಲ್ಲಿ ನಿಜವಾಗಿ ಸುದ್ದಿಗೆ ಹೋದ ಹತ್ತು ಮಂದಿಯ ಮೇಲೆ ಅನುಮಾನ ಬೀಳುತ್ತದೆ. ಜೀವಕ್ಕೇ ಕುತ್ತು.

ಕೆಲಸದ ಕ್ರಮದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಬೆಳಿಗ್ಗೆ ಐದರಿಂದ ಎಂಟರವರೆಗೆ ಬರೆಯುತ್ತೇನೆ. ಮೊದಲ ಪುಸ್ತಕ ಬಂದ ಮೇಲೂ ಎರಡು ವರ್ಷ ನೌಕರಿ ಬಿಡಲಿಲ್ಲ. ಡೆಡ್‌ಲೈನ್ ಅಭ್ಯಾಸ ಇದ್ದದ್ದರಿಂದ ಬರೆಯಲು ಮೂಡ್ ಬರಲಿ ಎಂದು ಕಾಯುವ ಪ್ರಶ್ನೆ ಬರಲಿಲ್ಲ.

ಎರಡನೇ ಪುಸ್ತಕದ ಹಸ್ತಪ್ರತಿಯನ್ನು ಒಬ್ಬ ನಿವೃತ್ತ ಅಧಿಕಾರಿಗೆ ಓದಲು ಕೊಟ್ಟಿದ್ದೆ. ಮೂರು ವಾರದ ಮೇಲೆ ವಾಪಸ್ ಕೊಟ್ಟರು. ಮುನ್ನೂರು ಪುಟದಲ್ಲಿ ಒಂದೇ ಒಂದು ಕಡೆ ಪೆನ್ಸಿಲ್ ಗುರುತು.

"ಇಲ್ಲಿ ಇವನು ಹಿಂದಕ್ಕೆ ತಿರುಗಿ ನೋಡ್ತಾನೆ ಅಂತ ಬರೆದಿದ್ದೀರಿ. ತರಬೇತಿ ಆದವನು ಹಾಗೆ ನೋಡಲ್ಲ. ನೋಡಿದ್ರೆ ನನಗೆ ಭಯ ಇದೆ ಅಂತ ತಾನೇ ಹೇಳಿಕೊಟ್ಟ ಹಾಗೆ."

"ಮತ್ತೆ ಹಿಂದೆ ಯಾರಾದ್ರೂ ಇದ್ದಾರಾ ಅಂತ ಹೇಗೆ ಗೊತ್ತಾಗುತ್ತೆ ಸಾರ್?"

"ರಸ್ತೆ ದಾಟುವಾಗ ಎಲ್ಲರೂ ಎರಡೂ ಕಡೆ ನೋಡ್ತಾರಲ್ಲ, ಅಷ್ಟು ಸಾಕು. ದೂರ ದೂರದ ಎರಡು ಜಾಗದಲ್ಲಿ ಒಂದೇ ಮುಖ ಕಂಡರೆ ಅವತ್ತಿನ ಕೆಲಸ ಬಿಟ್ಟು ಮನೆಗೆ ಹೋಗ್ತಾನೆ."

ಇಡೀ ಅಧ್ಯಾಯ ನಿಂತಿದ್ದದ್ದೇ ನನ್ನ ಗೂಢಚಾರಿ ತಿರುಗಿ ನೋಡುವುದರ ಮೇಲೆ. ಹದಿನಾಲ್ಕು ಪುಟ ಹರಿದು ಮೊದಲಿನಿಂದ ಬರೆದೆ. ಈಗ ಅದರಲ್ಲಿ ಅವನು ನಾಲ್ಕು ರಸ್ತೆ ದಾಟುತ್ತಾನೆ. ನಾಲ್ಕನೆಯದರಲ್ಲಿ ಬೂದು ಅಂಗಿಯವನು ಎರಡನೇ ಸಲ ಕಾಣುತ್ತಾನೆ. ನನ್ನ ಗೂಢಚಾರಿ ಜೇಬಿನಲ್ಲಿದ್ದ ಸೀಮೆಸುಣ್ಣವನ್ನು ಮುಟ್ಟಿ ನೋಡಿಕೊಂಡು, ಅಂಚೆ ಪೆಟ್ಟಿಗೆಯ ಮುಂದೆ ನಿಲ್ಲದೆ, ಬಸ್ಸು ಹತ್ತಿ ಮನೆಗೆ ಹೋಗುತ್ತಾನೆ.